ಮಜ್ಜಿಗೆ ಮೇಷ್ಟ್ರ ಊರಲ್ಲಿ ನಾಲ್ಕು ದಿನ

ಶುಕ್ರವಾರ

ಮಧ್ಯಾಹ್ನ ಎರಡು ಗಂಟೆಗೆ ಬಸ್ಸು ಮೆಜೆಸ್ಟಿಕ್ ಸೇರಿತು. ದಾವಣಗೆರೆಯಲ್ಲಿ ಹತ್ತಿದಾಗ ಬಿಸಿಲು, ತುಮಕೂರು ದಾಟಿದ ಮೇಲೆ ಮೋಡ, ಇಳಿದಾಗ ಸಣ್ಣಗೆ ಚಳಿ. ಬ್ಯಾಗಿನಲ್ಲಿ ನಾಲ್ಕು ದಿನದ ಬಟ್ಟೆ, ಈಜುವ ಚಡ್ಡಿ, ಟವೆಲ್ಲು, ಜೊತೆಗೆ 11 ಅಂತ ಅಚ್ಚಾಗಿರುವ ಒಂದು ನೀಲಿ ಟೋಪಿ. ಗಲ್ಲದ ಕೆಳಗೆ ಕಟ್ಟುವ ಅದರ ದಾರವನ್ನು ಎರಡು ಸಲ ಬದಲಿಸಿದ್ದೇನೆ. ಬಟ್ಟೆ ಮಾತ್ರ 1996ರದ್ದೇ.

ನಮಗೆ ವಾಟರ್ ಪೋಲೋ, ಅಂದರೆ ಈಜುತ್ತಾ ಚೆಂಡನ್ನು ಎದುರಾಳಿಯ ಗೋಲಿನೊಳಗೆ ಎಸೆಯುವ ಆಟ, ಕಲಿಸಿದ ಮೇಷ್ಟ್ರು ಹೋಗಿ ಈ ಕಾರ್ತಿಕಕ್ಕೆ ಒಂದು ವರ್ಷ. ಹೋದ ವರ್ಷ ಸುದ್ದಿ ಬಂದಾಗ ನನಗೆ ಬರಲು ಆಗಲಿಲ್ಲ. ಅದಕ್ಕೇ ಈ ಸಲ ರಜೆ ಹಾಕಿ, ಅವರ ಜೊತೆ ಓಡಾಡಿದ ಜಾಗಗಳನ್ನೆಲ್ಲ ನೋಡಿಕೊಂಡು, ಭಾನುವಾರ ಹಳೇ ಹುಡುಗರೆಲ್ಲ ಸೇರಿ ಆಡುವ ಪಂದ್ಯದಲ್ಲಿ ನೀರಿಗಿಳಿದು ಹೋಗೋಣ ಅಂತ ಬಂದೆ.

ಅವರ ಹೆಸರು ಬರೆಯುವುದಿಲ್ಲ. ಪೇಪರಿನವರು ಬಂದರೆ ಹುಡುಗರನ್ನು ಮುಂದೆ ತಳ್ಳಿ ತಾವು ಹಿಂದೆ ಹೋಗಿ ನಿಲ್ಲುತ್ತಿದ್ದವರು ಅವರು. ನಮ್ಮ ಹೆಸರೂ ಇಲ್ಲಿ ಬೇಡ. ವಾಟರ್ ಪೋಲೋದಲ್ಲಿ ನೀರಿನ ಮೇಲೆ ಕಾಣುವುದು ತಲೆ, ಕೈ ಅಷ್ಟೇ, ಆದ್ದರಿಂದ ಟೋಪಿಯ ನಂಬರೇ ಗುರುತು. ಮೇಷ್ಟ್ರು ನಂಬರಿನಿಂದಲೇ ಕೂಗುತ್ತಿದ್ದರು, ನಾವೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಿದ್ದೆವು. ಇವತ್ತಿಗೂ ಹಾಗೇ. ಒಂದು ಅಂದರೆ ಗೋಲಿ, ಗೋಲು ಕಾಯುವ ಕೆಂಪು ಟೋಪಿಯವನು, ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಐದು ಬಿಎಂಟಿಸಿ ಡಿಪೋದಲ್ಲಿ ಮೆಕ್ಯಾನಿಕ್. ನಾನು ಹನ್ನೊಂದು.

ಮೆಜೆಸ್ಟಿಕ್‌ನಲ್ಲಿ ಕಾಲಿಟ್ಟಾಗಲೆಲ್ಲ ನನಗೆ ಅವರ ಮಾತೇ ನೆನಪು. 1993ರಲ್ಲಿ ಡಿಗ್ರಿಗೆ ಅಂತ ಈ ಊರಿಗೆ ಬಂದವನು ನಾನು. ಒಂದು ದಿನ ಬಸ್ಸಿಗೆ ಕಾಯುತ್ತಾ ಇಲ್ಲೇ ನಿಂತಿದ್ದಾಗ ಅವರು ಕಾಲಿನಿಂದ ನೆಲ ತಟ್ಟಿ, "ಇದು ಧರ್ಮಾಂಬುಧಿ ಕೆರೆ ಕಣೋ. ನೀನೀಗ ನೀರಲ್ಲೇ ನಿಂತಿದೀಯ" ಅಂದರು. ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯಲ್ಲಿ ಅಂತ ಹೇಳಿದ್ದೂ ಅವರೇ. ಬೇರೆಯವರು ಬೆಂಗಳೂರನ್ನು ರಸ್ತೆಯಿಂದ ನೆನಪಿಟ್ಟುಕೊಂಡರೆ ಅವರು ನೀರಿನಿಂದ ನೆನಪಿಟ್ಟುಕೊಂಡಿದ್ದರು. ಯಾವ ಏರಿಯಾ ಹೆಸರು ಹೇಳಿದರೂ ಅಲ್ಲಿ ಯಾವ ಕೆರೆ ಇತ್ತು, ಯಾವ ಬಾವಿಯಲ್ಲಿ ಹುಡುಗರು ಧುಮುಕುತ್ತಿದ್ದರು, ಈಗ ಅದರ ಮೇಲೆ ಏನಿದೆ ಅಂತ ಹೇಳಿಬಿಡುವರು.

ನೇರಳೆ ಮೆಟ್ರೋ ಹಿಡಿದು ಹಲಸೂರಿನಲ್ಲಿ ಇಳಿದೆ. ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಗಳಲ್ಲಿ ಮೇಷ್ಟ್ರ ಮನೆ. ಬೀಗ ಹಾಕಿತ್ತು. ಅಮ್ಮ, ಅಂದರೆ ಮೇಷ್ಟ್ರ ಮನೆಯವರು, ಕೋಲಾರದ ಕಡೆ ಮಗಳ ಮನೆಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ ಅಂತ ಪಕ್ಕದ ಮನೆಯಾಕೆ ಹೇಳಿದರು. ಬಾಗಿಲ ಪಕ್ಕದ ಗೂಟದಲ್ಲಿ ಅವರ ಸೈಕಲ್ ಪಂಪು ಇನ್ನೂ ನೇತಾಡುತ್ತಿತ್ತು. ಸೈಕಲ್ಲಿಗೂ ಚೆಂಡಿಗೂ ಒಂದೇ ಪಂಪು, ಪಿನ್ನು ಮಾತ್ರ ಬೇರೆ.

ಸಂಜೆ ಅಂಗಡಿ ಮುಚ್ಚಿ ಒಂದು ಬಂದ. ಇಬ್ಬರೂ ಹಲಸೂರು ಕೆರೆ ಪಕ್ಕದಲ್ಲಿ ನಡೆದೆವು. ಒಂದು ಕಡೆ ಮದ್ರಾಸ್ ಎಂಜಿನಿಯರ್ ಗ್ರೂಪಿನ ಜಾಗ, ಇನ್ನೊಂದು ಕಡೆ ಕೆನ್ಸಿಂಗ್ಟನ್ ಈಜುಕೊಳ. ಕೊಳದ ಕಡೆಯಿಂದ ಕ್ಲೋರಿನ್ ವಾಸನೆ ಬಂದಾಗ ಇಬ್ಬರೂ ಒಟ್ಟಿಗೇ ನಿಂತುಬಿಟ್ಟೆವು. ಮೇಷ್ಟ್ರ ಬನಿಯನ್ನಿನಿಂದ ಬರುತ್ತಿದ್ದದ್ದು ಇದೇ ವಾಸನೆ. ಅವರು ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಗಿನ ಪಾಳಿ ಮುಗಿಸಿ, ಮನೆಯಲ್ಲಿ ಊಟ ಮಾಡಿ, ಒಂದು ಗಂಟೆ ಮಲಗಿ, ಸಂಜೆ ಸೈಕಲ್ಲಿನ ಹಿಂದೆ ಬಲೆಚೀಲದಲ್ಲಿ ಆರು ಚೆಂಡು ಕಟ್ಟಿಕೊಂಡು ಕೊಳಕ್ಕೆ ಬರುವರು. ಹೀಗೆ ಮೂವತ್ತು ವರ್ಷಕ್ಕಿಂತ ಜಾಸ್ತಿ. ಸಂಬಳ ಯಾರೂ ಕೊಡುತ್ತಿರಲಿಲ್ಲ.

ಕೆರೆ ಏರಿಯ ಕಲ್ಲುಬೆಂಚಿನ ಮೇಲೆ ಕೂತು ಒಂದು ಕೇಳಿದ, "82ರ ಕಥೆ ಹೇಳ್ಲಾ?"

ಆ ಕಥೆ ನಮ್ಮೆಲ್ಲರಿಗೂ ಬಾಯಿಪಾಠ. 1982ರ ಏಷ್ಯನ್ ಕ್ರೀಡಾಕೂಟಕ್ಕೆ ಮೇಷ್ಟ್ರು ಸಾಲ ಮಾಡಿ ದೆಹಲಿಗೆ ಹೋಗಿದ್ದರು. ರೈಲಿನಲ್ಲಿ ಸೀಟಿಲ್ಲ, ಬಾಗಿಲ ಹತ್ತಿರವೇ ಕೂತು ಹೋದದ್ದು. ತಾಲ್ಕಟೋರಾ ಕೊಳದಲ್ಲಿ ನಮ್ಮ ವಾಟರ್ ಪೋಲೋ ತಂಡ ಕಂಚು ಗೆದ್ದದ್ದನ್ನು ಕಣ್ಣಾರೆ ನೋಡಿ ಬಂದರು. 1951ರಲ್ಲಿ ಅದೇ ದೆಹಲಿಯಲ್ಲಿ ಚಿನ್ನ, 1970ರಲ್ಲಿ ಬ್ಯಾಂಕಾಕಿನಲ್ಲಿ ಬೆಳ್ಳಿ, 1982ರಲ್ಲಿ ಕಂಚು. ಈ ಮೂರು ವರ್ಷಗಳನ್ನು ನಮ್ಮಿಂದ ಮಗ್ಗಿ ಹೇಳಿಸುವ ಹಾಗೆ ಹೇಳಿಸುವರು. ಸಚಿನ್ ನಾಗ್ ಅವರ ಹೆಸರು ಬಂದರೆ ಅವರ ದನಿಯೇ ಬದಲಾಗುತ್ತಿತ್ತು. 1951ರಲ್ಲಿ 100 ಮೀಟರ್ ಫ್ರೀಸ್ಟೈಲಿನಲ್ಲಿ ಚಿನ್ನ ಗೆದ್ದ ಸಚಿನ್ ನಾಗ್, ಅದಕ್ಕೂ ಮೊದಲು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ವಾಟರ್ ಪೋಲೋ ಆಡಿದವರು. "ಒಂದೇ ನೀರು ಕಣ್ರೋ. ಈಜೋನೂ ಅವನೇ, ಆಡೋನೂ ಅವನೇ. ಈಗ ಯಾಕೆ ಬೇರೆ ಬೇರೆ ಮಾಡಿದಾರೋ" ಅಂತ ಅಲ್ಲಿಗೆ ಕಥೆ ಮುಗಿಸುವರು.

ಒಂದು ಅವರ ಥರಾನೇ ಹೇಳಿದ. ಮಧ್ಯೆ ತಮಿಳು, ಮಧ್ಯೆ ದಖನಿ, ಹಲಸೂರಿನ ಕನ್ನಡ. ಕೊನೆಗೆ ಬಂದಾಗ ಅವನ ಗಂಟಲು ಕಟ್ಟಿತು. ನಾನು ಕೆರೆಯ ಕಡೆ ನೋಡುತ್ತಾ ಕೂತೆ.

ಶನಿವಾರ

ಬೆಳಿಗ್ಗೆ ಬಸವನಗುಡಿ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು, ಮೊದಲು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇರುವ ಜಾಗ, ಇವತ್ತಿಗೂ ಇಡ್ಲಿ ವಡೆಗೆ ಚಟ್ನಿ ಮಾತ್ರ, ಸಾಂಬಾರು ಕೇಳುವ ಹಾಗಿಲ್ಲ. ಪಂದ್ಯ ಆದ ಮೇಲೆ ಮೇಷ್ಟ್ರು ನಮ್ಮನ್ನು ಇಲ್ಲಿಗೆ ಕರೆತರುತ್ತಿದ್ದರು. ಒಂದು ಗಂಟೆ ನೀರಲ್ಲಿ ಒದ್ದಾಡಿದವನ ಹಸಿವು ಹೇಗಿರುತ್ತೆ ಅಂತ ಈಜಿದವರಿಗೇ ಗೊತ್ತು, ಎಂಟು ಇಡ್ಲಿ ಹೋದದ್ದೇ ತಿಳಿಯಲ್ಲ. ಅವರು ಮಾತ್ರ ಒಂದು ಕಾಫಿ ಹಿಡಿದು, ಯಾರ ತಟ್ಟೆ ಖಾಲಿ ಆಗಿದೆ ನೋಡಿಕೊಂಡು ನಿಂತಿರುವರು.

ಐದು ಅಲ್ಲಿಗೇ ಬಂದ. ಇಬ್ಬರೂ ನೆಟ್ಟಕಲ್ಲಪ್ಪ ಸರ್ಕಲ್ ಕಡೆ ಹೋದೆವು, ಬಸವನಗುಡಿ ಅಕ್ವಾಟಿಕ್ ಸೆಂಟರ್ ನೋಡಲು. ಗೇಟಿನ ಹತ್ತಿರ ಕಾರು, ಸ್ಕೂಟರ್, ಒದ್ದೆ ಕೂದಲಿನ ಮಕ್ಕಳು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದ ಅಮ್ಮಂದಿರು. ಒಳಗಿನಿಂದ ವಿಜಲ್ ಸದ್ದು.

ಈಜು ಅಂದರೆ ನಮ್ಮ ಬೆಂಗಳೂರು, ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. 2000ದ ಸಿಡ್ನಿ ಒಲಿಂಪಿಕ್ಸಿಗೆ ನಿಶಾ ಮಿಲೆಟ್ ಮತ್ತು ಹಕೀಮುದ್ದೀನ್ ಹಬೀಬುಲ್ಲಾ ಹೋದರು. 2004ರಲ್ಲಿ ಅಥೆನ್ಸಿಗೆ ಶಿಖಾ ಟಂಡನ್. 2008ರಲ್ಲಿ ಬೀಜಿಂಗಿಗೆ ರೆಹಾನ್ ಪೂಂಚಾ, 2012ರಲ್ಲಿ ಲಂಡನ್ನಿಗೆ ಗಗನ್ ಉಳ್ಳಾಲಮಠ. ಟೋಕಿಯೋಗೂ ಪ್ಯಾರಿಸ್ಸಿಗೂ ಶ್ರೀಹರಿ ನಟರಾಜ್. ಪ್ಯಾರಿಸ್ಸಿಗೆ ಅವರ ಜೊತೆ 14 ವರ್ಷದ ಧಿನಿಧಿ ದೇಸಿಂಗು. ಎಲ್ಲರೂ ಈ ಊರಿನ ನೀರಿನಲ್ಲಿ ಬೆಳೆದವರು. ಕೋಚ್‌ಗಳಲ್ಲಿ ನಿಹಾರ್ ಅಮೀನ್ ಅವರಿಗೆ 2015ರಲ್ಲಿ, ಎಸ್. ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಪ್ರದೀಪ್ ಕುಮಾರ್ ಅವರ ಸುದ್ದಿ ಓದಿ ಮೇಷ್ಟ್ರು ನನಗೆ ಫೋನ್ ಮಾಡಿದ್ದರು, ತಮಗೇ ಬಂದಷ್ಟು ಖುಷಿಯಲ್ಲಿ.

ಆದರೆ ವಾಟರ್ ಪೋಲೋ ಆಡಿದ ಹುಡುಗರ ಹೆಸರು ನಿಮಗೆ ಒಂದಾದರೂ ಗೊತ್ತಾ? ನಮ್ಮ ರಾಜ್ಯಕ್ಕೆ ಆಡಿದವರು ಬೇಕಾದಷ್ಟು ಜನ ಇದ್ದಾರೆ. ಒಬ್ಬರ ಮುಖವೂ ಪೇಪರಿನಲ್ಲಿ ಬಂದಿರಲ್ಲ. ಈ ವಿಷಯ ಎತ್ತಿದರೆ ನನಗೆ ಬೇಜಾರು ಜಾಸ್ತಿ ಆಗುತ್ತದೆ. ನಾವು ಕಲಿತ ಕೊಳದ ಹೆಸರು ಬೇಡ, ಅಲ್ಲಿ ನಮಗೆ ಸಿಗುತ್ತಿದ್ದದ್ದು ಕೊನೆಯ ಒಂದು ಗಂಟೆ, ದೀಪ ಆರಿಸುವ ಮುಂಚೆ. ಅದೂ ಎಷ್ಟೋ ದಿನ ಇಲ್ಲ. ಚೆಂಡು ಗಾಜಿಗೆ ಬೀಳುತ್ತೆ, ಹುಡುಗರು ಕೂಗಾಡುತ್ತಾರೆ ಅಂತ ನೆಪ. ಗೋಲಿನ ಕಂಬಗಳನ್ನು ಇಡಲು ಜಾಗ ಇಲ್ಲ ಅಂದಾಗ ಮೇಷ್ಟ್ರು ತಾವೇ ಕಾರ್ಖಾನೆಯ ಗೆಳೆಯರ ಹತ್ತಿರ ಹೇಳಿ ಬಿಚ್ಚಿ ಜೋಡಿಸುವಂಥ ಗೋಲು ಮಾಡಿಸಿದರು. 3 ಮೀಟರ್ ಅಗಲ, ನೀರಿನಿಂದ 90 ಸೆಂಟಿಮೀಟರ್ ಎತ್ತರ, ಅಳತೆಯಲ್ಲಿ ಒಂದು ದಾರದಷ್ಟೂ ವ್ಯತ್ಯಾಸ ಇಲ್ಲ. ಫಿಟ್ಟರ್ ಅಲ್ವಾ. ದಿನಾ ಸಂಜೆ ಬಿಚ್ಚಿ, ಗೋಡೆಗೆ ಒರಗಿಸಿ, ಬೆಳಿಗ್ಗೆ ಬರುವ ಮಕ್ಕಳ ಕಾಲಿಗೆ ತಾಗದ ಹಾಗೆ ಗೋಣಿಚೀಲ ಸುತ್ತಿ ಹೋಗುವರು.

ಐದು ಗ್ರಿಲ್ಲಿನ ಆಚೆ ಕಾಣುತ್ತಿದ್ದ ನೀಲಿ ನೀರನ್ನೇ ನೋಡುತ್ತಾ, "ನಿಂಗೆ ಫಸ್ಟ್ ದಿನ ನೆನಪಿದೆಯಾ?" ಅಂದ.

ನೆನಪಿಲ್ಲದೆ ಏನು. ನಾನು ಈಜು ಕಲಿತದ್ದು ಹರಿಹರದ ಹತ್ತಿರ ನಮ್ಮ ಊರಿನ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಆಮೇಲೆ ತುಂಗಭದ್ರೆಯಲ್ಲಿ. ಬಾವಿ, ಹೊಳೆಯಲ್ಲಿ ಕಲಿತವರು ಯಾರೂ ಮುಖ ನೀರಿಗೆ ಹಾಕಲ್ಲ, ತಲೆ ಎತ್ತಿಕೊಂಡೇ ಕೈ ಬಡಿಯುತ್ತಾರೆ. ಬೆಂಗಳೂರಿನ ಕೊಳಕ್ಕೆ ಇಳಿದಾಗ ಪಕ್ಕದ ಲೇನಿನವರೆಲ್ಲ ನಗುವುದು, ಮುಖ ಒಳಗೆ ಹಾಕು, ಸೊಂಟ ಮೇಲೆ ಬರಲಿ ಅಂತ ಹೇಳುವುದು. ಅವರು ಹೇಳಿದ್ದು ತಪ್ಪಲ್ಲ, ವೇಗ ಬೇಕಾದರೆ ಹಾಗೇ ಈಜಬೇಕು. ನಾನು ಎರಡು ದಿನ ಪ್ರಯತ್ನ ಮಾಡಿ, ನೀರು ಕುಡಿದು, ಇನ್ನು ಬರುವುದೇ ಬೇಡ ಅಂತ ಮೆಟ್ಟಿಲ ಮೇಲೆ ಕೂತಿದ್ದೆ. ಬನಿಯನ್ ಹಾಕಿದ ಒಬ್ಬ ಗಟ್ಟಿಮುಟ್ಟು ಮನುಷ್ಯ ಬಂದು ಪಕ್ಕದಲ್ಲಿ ಕೂತು, "ಯಾವೂರು?" ಅಂದರು. ಹೇಳಿದೆ. "ಹೊಳೇಲಿ ಈಜಿದೀಯಾ?" ಹೂಂ ಅಂದೆ. "ತಲೆ ಹಾಗೇ ಇರಲಿ. ಅದನ್ನ ಕಲಿಸೋಕೆ ನಂಗೆ ಇಲ್ಲಿ ಆರು ತಿಂಗಳು ಹಿಡಿಯುತ್ತೆ" ಅಂದರು.

ವಾಟರ್ ಪೋಲೋದಲ್ಲಿ ಎಲ್ಲರೂ ತಲೆ ಎತ್ತಿಯೇ ಈಜಬೇಕು, ಚೆಂಡು ಕಾಣಬೇಕಲ್ಲ. ಇಡೀ ಊರು ನನ್ನಲ್ಲಿ ತಪ್ಪು ಅಂತ ಹೇಳಿದ್ದು ಆ ಒಬ್ಬರಿಗೆ ಬೇಕಾದದ್ದಾಗಿತ್ತು. ಆ ಸಂಜೆ ಹಾಸ್ಟೆಲ್ಲಿಗೆ ನಾನು ಹೇಗೆ ಹೋದೆ ಅಂತ ಈಗಲೂ ನೆನಪಿದೆ. ಓಡಿಕೊಂಡು ಹೋದೆ.

ಐದನ ಕಥೆ ಬೇರೆ. ಅವನು ಶನಿವಾರ ಎಣ್ಣೆಸ್ನಾನ ಮಾಡಿ ಬಂದಿದ್ದ. ಮೈಗೆ ಎಣ್ಣೆ ಇದ್ದರೆ ಎದುರಾಳಿಯ ಕೈಗೆ ಸಿಗದೆ ಜಾರುತ್ತೀವಿ, ಅದಕ್ಕೆ ಈ ಆಟದಲ್ಲಿ ಎಣ್ಣೆ ಹಚ್ಚಿಕೊಂಡು ನೀರಿಗಿಳಿಯುವಂತಿಲ್ಲ, ನಿಯಮವೇ ಇದೆ. ಮೇಷ್ಟ್ರು ಅವನ ಭುಜಕ್ಕೆ ಬೆರಳು ಒತ್ತಿ ಮೂಸಿ ನೋಡಿ, ವಾಪಸ್ ಮನೆಗೆ ಕಳಿಸಿದರು, ಸೀಗೆಪುಡಿ ಹಾಕಿ ತೊಳೆದುಕೊಂಡು ಬಾ ಅಂತ. ಅವನು ಮತ್ತೆ ಬರುವುದಿಲ್ಲ ಅಂದುಕೊಂಡಿದ್ದೆವು. ಮುಕ್ಕಾಲು ಗಂಟೆಯಲ್ಲಿ ಬಂದ. ಹಾಗೇ ಉಗುರು. ಪಂದ್ಯಕ್ಕೆ ಮೊದಲು ರೆಫ್ರಿ ಉಗುರು ನೋಡುತ್ತಾರೆ, ನೀರಿನ ಕೆಳಗೆ ಕೈಕೈ ಹತ್ತಿದಾಗ ಚರ್ಮ ಹರಿಯಬಾರದಲ್ಲ. ಮೇಷ್ಟ್ರು ದಿನಾ ನೋಡುತ್ತಿದ್ದರು. ಸಾಲಾಗಿ ನಿಲ್ಲಿಸಿ, ಕೈ ಚಾಚಿಸಿ, ನಮ್ಮ ಬೆರಳ ತುದಿಗಳ ಮೇಲೆ ತಮ್ಮ ಅಂಗೈ ಎಳೆದುಕೊಂಡು ಹೋಗುವರು. ಚುಚ್ಚಿದರೆ ಜೇಬಿನಿಂದ ನೇಲ್ ಕಟರ್ ಬರುತ್ತಿತ್ತು.

ಮಧ್ಯಾಹ್ನ ಗಾಂಧಿ ಬಜಾರಿನಲ್ಲಿ ಊಟ ಮಾಡುವಾಗ ಐದು ಅವರ ಕೊನೆಯ ಬೇಸಿಗೆಯ ಮಾತು ತೆಗೆದ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು ಅಂತ ಜಲಮಂಡಳಿ ಆದೇಶ ಮಾಡಿತಲ್ಲ, ಆಗ ಅವರಿಗೆ ಕಾಯಿಲೆ ಶುರುವಾಗಿತ್ತು. ಆದರೂ ಐದನ ಬೈಕಿನ ಹಿಂದೆ ಕೂತು ಒಂದು ಖಾಲಿ ಕೊಳ ನೋಡಲು ಹೋದರಂತೆ. 50 ಮೀಟರ್ ಉದ್ದ, 25 ಅಗಲ, 2 ಮೀಟರ್ ಆಳ ಅಂದರೆ 25 ಲಕ್ಷ ಲೀಟರ್ ನೀರು ಅಂತ ಬಾಯಲ್ಲೇ ಲೆಕ್ಕ ಹಾಕಿದರಂತೆ. ಐದು ಬೈಯಲು ಶುರು ಮಾಡಿದಾಗ, "ಸುಮ್ನಿರು. ಜನಕ್ಕೆ ಕುಡಿಯೋಕಿಲ್ಲ. ಮಳೆ ಬರುತ್ತೆ, ಆಮೇಲೆ ಆಡಿ" ಅಂದರಂತೆ. ಆಮೇಲೆ ಮೆಟ್ಟಿಲಿಳಿದು ಆ ಒಣ ಕೊಳದ ನಡುವೆ ನಿಂತು, ಗೋಲು ಇರುತ್ತಿದ್ದ ಕಡೆ ನೋಡುತ್ತಿದ್ದರಂತೆ. ಅಷ್ಟು ವರ್ಷ ಮೇಲಿನಿಂದ ನೋಡಿದ ನೆಲದ ಮೇಲೆ ಅವರು ಮೊದಲ ಸಲ ಚಪ್ಪಲಿ ಕಾಲಲ್ಲಿ ನಿಂತದ್ದು ಅಂದೇ.

ಅವರು ನನ್ನನ್ನು ಕೊನೆಯದಾಗಿ ಏನಾದರೂ ಕೇಳಿದ್ದು 2019ರಲ್ಲಿ. ಆ ಸೆಪ್ಟೆಂಬರಿನಲ್ಲಿ ಏಷ್ಯನ್ ವಯೋಮಿತಿ ಚಾಂಪಿಯನ್‌ಶಿಪ್ ಬೆಂಗಳೂರಿನಲ್ಲೇ ನಡೆಯಿತು, ಈಜು, ಡೈವಿಂಗ್, ವಾಟರ್ ಪೋಲೋ ಎಲ್ಲ. "ಬಾರೋ ಹನ್ನೊಂದು, ಏಷ್ಯಾನೇ ನಮ್ಮೂರಿಗೆ ಬರ್ತಿದೆ, ಒಟ್ಟಿಗೆ ಕೂತು ನೋಡೋಣ" ಅಂದರು. ಬ್ಯಾಂಕಿನಲ್ಲಿ ಆಡಿಟ್ ಇದೆ ಸಾರ್ ಅಂದೆ. ಆಡಿಟ್ ಇದ್ದದ್ದು ನಿಜ. ಒಂದು ದಿನ ರಜೆ ಕೇಳಿದ್ದರೆ ಸಿಗುತ್ತಿತ್ತು ಅನ್ನುವುದೂ ನಿಜ.

ಭಾನುವಾರ

ಬೆಳಗಿನ ಆರಕ್ಕೆ ಸ್ಯಾಂಕಿ ಕೆರೆ. 1882ರಲ್ಲಿ ಕಟ್ಟಿದ್ದು. ವಾಕಿಂಗ್ ಮಾಡುವವರು ಆಗಲೇ ತುಂಬಿದ್ದರು. ಪಂದ್ಯದ ದಿನ ಮೇಷ್ಟ್ರು ನಮ್ಮನ್ನು ಇಲ್ಲಿ ಒಂದು ಸುತ್ತು ನಡೆಸಿ, ಹತ್ತಿರದ ಕೆ.ಸಿ. ರೆಡ್ಡಿ ಈಜುಕೊಳದ ಗೇಟಿನವರೆಗೂ ಮಾತಾಡದೆ ಕರೆದುಕೊಂಡು ಹೋಗುವರು. ಇವತ್ತೂ ನಾವು ಏಳು ಜನ ಹಾಗೇ ನಡೆದೆವು, ಮಾತಿಲ್ಲದೆ. ಒಬ್ಬನಿಗೆ ಮಂಡಿ ನೋವು, ಇನ್ನೊಬ್ಬನಿಗೆ ಸಕ್ಕರೆ. ಎಲ್ಲರಿಗಿಂತ ಚಿಕ್ಕವನಿಗೆ 45, ದೊಡ್ಡವನಿಗೆ 58.

ಪಂದ್ಯ ಇದ್ದದ್ದು ಊರ ಉತ್ತರಕ್ಕೆ, ಪರಿಚಯದವರೊಬ್ಬರು ಮೂರು ಗಂಟೆ ಬಿಟ್ಟುಕೊಟ್ಟ 25 ಮೀಟರಿನ ಕೊಳದಲ್ಲಿ. ಎದುರಾಳಿಗಳು 14ರಿಂದ 17 ವರ್ಷದ ಮಕ್ಕಳು, ನಾಲ್ಕು ಹುಡುಗರು, ಮೂವರು ಹುಡುಗಿಯರು. ಹುಡುಗಿಯರನ್ನು ನೋಡಿ ನನಗೆ ತುಂಬಾ ಸಂತೋಷ ಆಯಿತು. ಗಂಡಸರ ವಾಟರ್ ಪೋಲೋ 1900ರಿಂದಲೇ ಒಲಿಂಪಿಕ್ಸಿನಲ್ಲಿದೆ, ಹೆಂಗಸರದ್ದು ಸೇರಿದ್ದು 2000ದಲ್ಲಿ. ಮೇಷ್ಟ್ರು ಅಷ್ಟು ಹೊತ್ತು ಕಾದಿರಲಿಲ್ಲ. ನಮ್ಮ ಜೊತೆ ಎರಡು ಹುಡುಗಿಯರು ಆಗಲೇ ಆಡುತ್ತಿದ್ದರು.

ಮೌನಾಚರಣೆ ಮಾಡೋಣ ಅಂತ ಯಾರೋ ಅಂದರು. ಒಂದು ಬೇಡ ಅಂದ. ಮಕ್ಕಳನ್ನೂ ನಮ್ಮನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಕೈ ಚಾಚಿಸಿ, ಹದಿನಾಲ್ಕು ಜನರ ಬೆರಳ ತುದಿಗಳ ಮೇಲೆ ಅಂಗೈ ಎಳೆದುಕೊಂಡು ಹೋದ. ಮಕ್ಕಳಿಗೆ ಅದು ಪಂದ್ಯಕ್ಕೆ ಮುಂಚಿನ ಮಾಮೂಲಿ ಕೆಲಸ. ನಮಗೆ ಅದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಬೇರೆ ಇರಲಿಲ್ಲ.

ನೀರು ತಣ್ಣಗೆ ಕೊರೆಯುತ್ತಿತ್ತು. ಪೂರ್ತಿ ಆಟದಲ್ಲಿ 8 ನಿಮಿಷದ ನಾಲ್ಕು ಭಾಗ, ನಾವು 5 ನಿಮಿಷಕ್ಕೆ ಇಳಿಸಿಕೊಂಡೆವು. ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಕಡೆಗೆ ಏಳು ಜನ, ಗೋಲಿ ಸೇರಿ. ಕಾಲು ನೆಲ ಮುಟ್ಟಬಾರದು. ಗೋಲಿ ಬಿಟ್ಟು ಬೇರೆ ಯಾರೂ ಚೆಂಡನ್ನು ಎರಡು ಕೈಯಲ್ಲಿ ಹಿಡಿಯಬಾರದು. 400 ಗ್ರಾಂ ದಾಟುವ ಒದ್ದೆ ಚೆಂಡನ್ನು ಒಂದೇ ಅಂಗೈಯಲ್ಲಿ ಎತ್ತಿ, ಸೊಂಟದವರೆಗೂ ನೀರಿನಿಂದ ಮೇಲೆದ್ದು ಎಸೆಯಬೇಕು, ಅಷ್ಟರಲ್ಲಿ ಒಬ್ಬ ಹಿಂದಿನಿಂದ ಭುಜ ಒತ್ತುತ್ತಿರುತ್ತಾನೆ. ದಡದಲ್ಲಿ ಕೂತವರಿಗೆ ಕಾಣುವುದು ಅರ್ಧ ಆಟ, ಇನ್ನರ್ಧ ನೀರಿನ ಒಳಗೆ.

ನೆಲ ಮುಟ್ಟದೆ, ಕೈ ಬಳಸದೆ ನಿಲ್ಲುವುದು ಹೇಗೆ? ಅದಕ್ಕೊಂದು ಕಾಲಿನ ವಿದ್ಯೆ ಇದೆ. ಕುರ್ಚಿ ಮೇಲೆ ಕೂತ ಹಾಗೆ ಬೆನ್ನು ನೇರ, ತೊಡೆ ಅಗಲ, ಮಂಡಿಯಿಂದ ಕೆಳಗೆ ಒಂದು ಕಾಲು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ, ಒಂದಾದ ಮೇಲೊಂದು. ಎರಡೂ ಕಾಲು ಒಟ್ಟಿಗೆ ಒದ್ದರೆ ಮೈ ಎದ್ದು ಬೀಳುತ್ತದೆ. ಒಂದೊಂದೇ ತಿರುಗಿಸಿದರೆ ಯಾವಾಗಲೂ ಒಂದು ಕಾಲು ನೀರನ್ನು ಒತ್ತುತ್ತಿರುತ್ತದೆ, ಅದಕ್ಕೇ ಮೈ ಅಲ್ಲಾಡದೆ ನಿಲ್ಲುತ್ತದೆ. ಪುಸ್ತಕದಲ್ಲಿ ಇದಕ್ಕೆ ಎಗ್‌ಬೀಟರ್ ಅಂತ ಹೆಸರು, ಮೊಟ್ಟೆ ಕಲಕುವ ಸಾಮಾನು. ನಾವ್ಯಾರೂ ಅಂಥ ಸಾಮಾನು ನೋಡಿದವರಲ್ಲ. ಮೇಷ್ಟ್ರು ಮೊದಲ ದಿನವೇ, "ಅಮ್ಮ ಮಜ್ಜಿಗೆ ಕಡಿಯೋದು ನೋಡಿದೀರಲ್ಲ? ಕಡಗೋಲು ತಿರುಗುತ್ತಲ್ಲ? ಕಾಲು ಹಾಗೆ" ಅಂದರು. ಅಲ್ಲಿಂದ ಅದು ಮಜ್ಜಿಗೆ. ಹತ್ತು ನಿಮಿಷ ಮಜ್ಜಿಗೆ, ಎರಡೂ ಕೈ ಮೇಲೆ. ಆಮೇಲೆ ಕೈಯಲ್ಲಿ ಒಂದು ಇಟ್ಟಿಗೆ. ಹಲಸೂರಿನ ಸಣ್ಣ ಹುಡುಗರು ಅವರನ್ನೇ ಮಜ್ಜಿಗೆ ಮೇಷ್ಟ್ರು ಅನ್ನತೊಡಗಿದರು.

ಆಟ ಶುರುವಾಗಿ ಮೂರು ನಿಮಿಷಕ್ಕೆ ನಮಗೆ ಎರಡು ಗೋಲು ಬಿದ್ದವು. ಮಕ್ಕಳು ಮೀನಿನ ಹಾಗೆ. ಒಂದು ಕೊನೆಯಲ್ಲಿ ಆಳ ಕಮ್ಮಿ, ಕಾಲು ಇಟ್ಟರೆ ನೆಲ ಸಿಗುತ್ತಿತ್ತು. ಐದನ ಮೀನಖಂಡ ಹಿಡಿದುಕೊಂಡು ಮುಖ ಬಿಳಿಚಿತು. ಆದರೂ ನಿಲ್ಲಲಿಲ್ಲ, ಒಂದೇ ಕಾಲಲ್ಲಿ ತಿರುಗಿಸುತ್ತಿದ್ದ. "ನೆಲ ಮುಟ್ಟಿದ್ರೆ ನಂಗೆ ಗೊತ್ತಾಗುತ್ತೆ ಕಣೋ, ಭುಜ ಹೇಳುತ್ತೆ" ಅಂತ ಮೇಷ್ಟ್ರು ಹೇಳುತ್ತಿದ್ದರಲ್ಲ, ಅವನ ಭುಜ ಆಗ ಕಲ್ಲಿನ ಹಾಗೆ ನಿಂತಿರಲಿಲ್ಲ, ನಡುಗುತ್ತಿತ್ತು.

ಎರಡನೇ ಭಾಗದಲ್ಲಿ ನಾನು ಸೆಂಟರಿಗೆ ಒಂದು ಪಾಸು ಕೊಡಬೇಕು ಅಂತ ಚೆಂಡು ಎತ್ತಿದಾಗ ದಡದಿಂದ ಒಂದು ಕೂಗು ಬಂತು. "ಮಜ್ಜಿಗೆ! ಮಜ್ಜಿಗೆ!"

ನಾನು ತಿರುಗಿ ನೋಡಿದೆ. ಚೆಂಡು ಹೋಯಿತು, ಮೂರನೇ ಗೋಲು ಬಿತ್ತು, ನನಗೆ ಅದರ ಕಡೆ ಗಮನವೇ ಇಲ್ಲ. ಕೂಗಿದ್ದು ಮಕ್ಕಳ ಕೋಚು, ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ತನ್ನ ಹುಡುಗಿಗೆ ಹೇಳುತ್ತಿದ್ದ, ಮೇಲೆದ್ದು ನನ್ನನ್ನು ತಡೆ ಅಂತ.

ಮೊದಲರ್ಧ ಮುಗಿದಾಗ ಮೈ ಒರೆಸದೆ ಅವನ ಹತ್ತಿರ ಹೋದೆ. ಮೇಷ್ಟ್ರು ಗೊತ್ತಾ ಅಂತ ಕೇಳಿದೆ. "ಇಲ್ಲ ಸಾರ್, ಇವತ್ತಿನ ಪಂದ್ಯ ಅವರ ನೆನಪಿಗೆ ಅಂತ ಗೊತ್ತು ಅಷ್ಟೇ." ಮತ್ತೆ ಮಜ್ಜಿಗೆ ಅಂದೆಯಲ್ಲಪ್ಪ? ಅವನಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. ಅವನು ಕಲಿತದ್ದು ವಿಜಯನಗರದ ಕಡೆ, ಕಲಿಸಿದವರು ಮಜ್ಜಿಗೆ ಅನ್ನುತ್ತಿದ್ದರು, ಇವನೂ ಅಂದ. ನನ್ನನ್ನು ತಡೆದ ಹುಡುಗಿ ಟೋಪಿ ಬಿಚ್ಚುತ್ತಾ, "ಕನ್ನಡದಲ್ಲಿ ಅದಕ್ಕೆ ಮಜ್ಜಿಗೆ ಅಂತಾನೇ ಅಲ್ವಾ ಅಂಕಲ್?" ಅಂದಳು.

ಹೌದು ಅಂದೆ. ಮತ್ತೇನು ಹೇಳಲಿ?

ಪಂದ್ಯ ಅವರು 9, ನಾವು 4. ಕೊನೆಯ ಭಾಗದಲ್ಲಿ 5 ಮೀಟರಿನಿಂದ ಹೊಡೆದ ಪೆನಾಲ್ಟಿಯನ್ನು ನಮ್ಮ ಒಂದು ತಡೆದ, ಎರಡೂ ಕೈ ಚಾಚಿ, ಎದೆಯವರೆಗೂ ನೀರಿನಿಂದ ಎದ್ದು. 53 ವರ್ಷ ಅವನಿಗೆ. ಮಕ್ಕಳೆಲ್ಲ ನೀರು ಬಡಿದು ಚಪ್ಪಾಳೆ ಹೊಡೆದರು. ಅವನು ಚೆಂಡನ್ನು ಹಿಡಿದುಕೊಂಡೇ ಇದ್ದ, ಎಸೆಯಲು ಹತ್ತು ಸೆಕೆಂಡು ಹಿಡಿಯಿತು.

ಸೋಮವಾರ

ಕಾರ್ತಿಕದ ಕೊನೆ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇಲ್ಲ. ರಾಶಿ ರಾಶಿ ಕಡಲೆಕಾಯಿ, ಹಸಿಯದ್ದು, ಹುರಿದದ್ದು, ಬೇಯಿಸಿದ್ದು. ಪರಿಷೆ ದಿನ ಮೇಷ್ಟ್ರು ಅಭ್ಯಾಸಕ್ಕೆ ರಜೆ ಕೊಡುತ್ತಿರಲಿಲ್ಲ, ಆದರೆ ಬೇಯಿಸಿದ ಕಾಯಿ ಎರಡು ಸೇರು ತಂದು ದಡದಲ್ಲಿ ಸುರಿಯುವರು. ನೀರಿನಿಂದ ಎದ್ದು, ನೆನೆದು ಸುಕ್ಕಾದ ಬೆರಳಲ್ಲಿ ಬಿಸಿ ಸಿಪ್ಪೆ ಬಿಡಿಸಿ ತಿನ್ನುವುದು. ಉಗುರು ಇಲ್ಲದೆ ಕಡಲೆಕಾಯಿ ಬಿಡಿಸುವುದು ಕಷ್ಟ, ಹಲ್ಲಲ್ಲೇ ಕಚ್ಚಬೇಕು.

ದೊಡ್ಡ ಬಸವಣ್ಣನಿಗೆ ಕೈ ಮುಗಿದು, ಮೂರು ಸೇರು ಕಟ್ಟಿಸಿಕೊಂಡು ನಾವು ಮೂವರು ಹಲಸೂರಿಗೆ ಹೋದೆವು. ಅಮ್ಮ ಆಗತಾನೇ ಊರಿಂದ ಬಂದಿದ್ದರು. "ಬನ್ರಪ್ಪ ಬನ್ನಿ, ಎಷ್ಟು ವರ್ಷ ಆಯ್ತು ಹನ್ನೊಂದು ಈ ಕಡೆ ಬಂದು" ಅಂದರು. ಅವರಿಗೂ ನಾನು ಹನ್ನೊಂದೇ.

ಫೋಟೋ ಮುಂದೆ ಕಡಲೆಕಾಯಿ ಇಟ್ಟೆವು. ಅಮ್ಮ ಒಂದು ಸ್ಟೀಲ್ ಡಬ್ಬಿ ತಂದು ಮುಚ್ಚಳ ತೆಗೆದರು. ವಿಜಲ್ಲು, ಪಂಪಿನ ಪಿನ್ನು, ದಾರ ಕಟ್ಟಿದ ನೇಲ್ ಕಟರ್, 1982ರ ಪಂದ್ಯದ ಟಿಕೆಟ್ಟಿನ ತುಂಡು. ಯಾರೂ ಏನೂ ಮುಟ್ಟಲಿಲ್ಲ.

ನಾನು ನಿನ್ನೆಯ ಪಂದ್ಯದ ಸುದ್ದಿ ಹೇಳಿದೆ. ಆ ಹುಡುಗಿ ಮಜ್ಜಿಗೆ ಅಂದದ್ದನ್ನೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಒಂದು ದಿನಾನೂ ನಿಮ್ಮ ಆಟ ನೋಡಿಲ್ಲ ಕಣ್ರಪ್ಪ. ನೀರು ಅಂದ್ರೆ ನಂಗೆ ಭಯ. ಮಜ್ಜಿಗೆ ಮಜ್ಜಿಗೆ ಅಂತ ನಿದ್ದೇಲೂ ಕೂಗೋರು. ಏನದು, ತೋರಿಸು" ಅಂದರು.

ನಮ್ಮ ಒಂದು, ಕುರ್ಚಿಯ ತುದಿಗೆ ಬಂದು ಬೆನ್ನು ನೇರ ಮಾಡಿ, ಪ್ಯಾಂಟು ಮಂಡಿವರೆಗೆ ಮಡಚಿ, ಕಾಲು ತಿರುಗಿಸಲು ಶುರು ಮಾಡಿದ. ಬಲಗಾಲು ಹೀಗೆ, ಎಡಗಾಲು ಹಾಗೆ, ಒಂದಾದ ಮೇಲೊಂದು. ಐದೂ ಪಕ್ಕದಲ್ಲಿ ಕೂತು ತಿರುಗಿಸಿದ. ಅಮ್ಮ ಬಗ್ಗಿ ಕಾಲುಗಳನ್ನೇ ನೋಡಿದರು.

"ಇದು ಮಜ್ಜಿಗೆ ಕಡಿಯೋದಲ್ಲ" ಅಂದರು. "ಕಡಗೋಲು ಹಗ್ಗದಲ್ಲಿ ಆ ಕಡೆ ಈ ಕಡೆ ಎಳೆದಾಡುತ್ತೆ. ಅರ್ಧ ಸುತ್ತು ಹೋಗುತ್ತೆ, ವಾಪಸ್ ಬರುತ್ತೆ. ಇದು ನಿಲ್ಲದೇ ಸುತ್ತುತಾ ಇದೆ. ಇದು ರಾಗಿ ಬೀಸೋದು ಕಣಪ್ಪ. ಬೀಸೋ ಕಲ್ಲು. ಎದುರುಬದುರು ಕೂತು ಇಬ್ರು ಬೀಸಿದ ಹಾಗೆ."

ಕಾಲು ನಿಲ್ಲಿಸಿ ಒಂದು ನನ್ನ ಮುಖ ನೋಡಿದ.

"ಅವರು ಯಾವತ್ತಾದ್ರೂ ಅಡುಗೆಮನೆಗೆ ಬಂದಿದ್ರೆ ತಾನೇ ಗೊತ್ತಾಗೋದು" ಅಂದು ಅಮ್ಮ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕಾಫಿ ಇಡಲು ಒಳಗೆ ಹೋದರು.

ರಾತ್ರಿ ಹತ್ತರ ಬಸ್ಸು. ಯಶವಂತಪುರ ದಾಟುವಾಗ ಲೈಟ್ ಆರಿಸಿದರು. ಪಕ್ಕದ ಸೀಟು ಖಾಲಿ ಇತ್ತು. ಚಪ್ಪಲಿ ಬಿಟ್ಟು, ಸೀಟಿನ ತುದಿಗೆ ಸರಿದು, ಮುಂದಿನ ಸೀಟಿನ ಕೆಳಗಿದ್ದ ಜಾಗದಲ್ಲಿ ಬಲಗಾಲು ತಿರುಗಿಸಿದೆ, ಆಮೇಲೆ ಎಡಗಾಲು. ನೆಲಮಂಗಲದವರೆಗೂ ಬೀಸುತ್ತಾ ಹೋದೆ.